ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಹೊಗೆ ನಿಂತಾಗ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಇದು ತೀರ್ಥಹಳ್ಳಿ ಕಡೆಯ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನ ಪ್ರಕರಣ. ಕೆಳಗೆ ಊಟದ ಹಾಲ್, ಮೇಲೆ ಲಾಡ್ಜಿನ ಎಂಟು ರೂಮು. ಹೆಸರು ಬೇಡ ಅಂತ ಮಾಲೀಕರು ಕೇಳಿಕೊಂಡಿದ್ದಾರೆ, ಹಾಗಾಗಿ ಊರಿನ ಹೆಸರನ್ನೂ ಬಿಟ್ಟಿದ್ದೇನೆ. 2025ರ ಮಳೆಗಾಲದ ಶುರುವಿನಲ್ಲಿ ಅವರು ಹಾಲ್ ಒಳಗೆ ಸಿಗರೇಟು, ಬೀಡಿ ಎರಡನ್ನೂ ಪೂರ್ತಿ ನಿಲ್ಲಿಸಿದರು. ಆಮೇಲೆ ಒಳಗಿನ ಗಾಳಿ ಎಷ್ಟು ಸುಧಾರಿಸಿತು, ಎಲ್ಲಿ ಸುಧಾರಿಸಲಿಲ್ಲ, ಯಾಕೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಗಾಳಿಯ ಸಣ್ಣ ಕಣಗಳನ್ನು ಅಳೆಯುವ ಒಂದು ಮೀಟರ್ ನನ್ನ ಹತ್ತಿರ ಇದೆ. ಮಾಲೀಕರು ದೂರದ ನೆಂಟರು. "ಮೇಷ್ಟ್ರೇ, ನಿಮ್ಮ ಆ ಡಬ್ಬಿ ತಗೊಂಡು ಒಂದ್ಸಲ ಬನ್ನಿ ಮಾರಾಯ್ರೆ" ಅಂತ ಅವರೇ ಕರೆದರು.

ಈ ಪ್ರಕರಣ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಮಲೆನಾಡಿನ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಟೆಲಿನ ಕಿಟಕಿ ತೆಗೆಯುವ ಮಾತೇ ಇಲ್ಲ. ಇರಚಲು ಹೊಡೆದು ಟೇಬಲ್ ಒದ್ದೆ ಆಗುತ್ತದೆ, ಥಂಡಿ ಗಾಳಿಗೆ ಗಿರಾಕಿ ಕೂರುವುದಿಲ್ಲ. ಅದೇ ಸಮಯದಲ್ಲಿ, ಚಳಿಗೆ ಅಂತ, ಸೇದುವವರು ಜಾಸ್ತಿ ಸೇದುತ್ತಾರೆ. ಬಯಲುಸೀಮೆಯಲ್ಲಿ ಕಿಟಕಿ ತೆಗೆದು ಒಂದಷ್ಟು ಸಂಭಾಳಿಸಬಹುದಾದ ಹೊಗೆ ಇಲ್ಲಿ ಒಳಗೇ ಉಳಿದುಬಿಡುತ್ತದೆ.

ಹಾಲ್ ಹೇಗಿತ್ತು

ಮೊದಲು ಈ ಜಾಗದಲ್ಲಿ ಇದ್ದದ್ದು ಜಂಬಿಟ್ಟಿಗೆ ಗೋಡೆಯ, ಮಂಗಳೂರು ಹೆಂಚಿನ ಹೋಟೆಲು. ಆ ಕಟ್ಟಡವನ್ನು ನಾನು ನೋಡಿದ್ದೇನೆ. ಒಲೆಯ ಹೊಗೆಯೂ ಬೀಡಿಯ ಹೊಗೆಯೂ ಬಿಸಿಗೆ ಮೇಲೆ ಏರಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹಾಗಂತ ಅಲ್ಲಿ ಕೂತವರು ಒಳ್ಳೆ ಗಾಳಿ ಕುಡಿದರು ಅಂತಲ್ಲ. ಆದರೆ ಹೊಗೆಗೆ ಒಂದು ದಾರಿ ಇತ್ತು. ಹೊಸ ಆರ್‌ಸಿಸಿ ಕಟ್ಟಡದಲ್ಲಿ ಆ ದಾರಿ ಮುಚ್ಚಿಹೋಯಿತು. ಮೇಲೆ ಸ್ಲ್ಯಾಬ್, ಅದರ ಕೆಳಗೆ ಫಾಲ್ಸ್ ಸೀಲಿಂಗ್, ಪಕ್ಕಕ್ಕೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಮಳೆಗಾಲದಲ್ಲಿ ಆ ಕಿಟಕಿಗಳಿಗೆ ಒಳಗಿಂದ ಚಿಲಕ.

ಹಾಲ್ ಉದ್ದ 36 ಅಡಿ, ಅಗಲ 22 ಅಡಿ, ಫಾಲ್ಸ್ ಸೀಲಿಂಗ್‌ವರೆಗಿನ ಎತ್ತರ 10 ಅಡಿ. ನಡುವೆ ಒಂದು ಪ್ಲೈವುಡ್ ಪಾರ್ಟಿಷನ್. ಒಂದು ಕಡೆ ಬಾರ್, ಇನ್ನೊಂದು ಕಡೆ 'ಫ್ಯಾಮಿಲಿ'. ಪಾರ್ಟಿಷನ್ ಏಳಡಿಗೆ ನಿಂತಿತ್ತು. ಅದರ ಮೇಲಿನ ಮೂರಡಿ ಖಾಲಿ. ಎರಡೂ ಕಡೆಗೆ ಸೇರಿ ಎರಡು ಸ್ಪ್ಲಿಟ್ ಎಸಿ. ಫ್ಯಾಮಿಲಿ ಕಡೆ ಗೋಡೆಗೆ 'ಧೂಮಪಾನ ನಿಷೇಧಿಸಲಾಗಿದೆ' ಅಂತ ಸ್ಟಿಕ್ಕರ್, ಬಾರ್ ಕಡೆ ಪ್ರತಿ ಟೇಬಲ್ಲಿಗೂ ಒಂದು ಆಶ್‌ಟ್ರೇ. ಶಿವಮೊಗ್ಗ, ಸಾಗರ, ಹೊಸನಗರ, ಎಲ್ಲಿಗೆ ಹೋದರೂ ಇಂಥ ಏರ್ಪಾಡು ನೀವೂ ನೋಡಿರುತ್ತೀರಿ.

ಸಂಜೆ ವೇಳೆ ಮೀಟರನ್ನು ಮೊದಲು ಬಾರ್ ಕಡೆ ಇಟ್ಟು, ಆಮೇಲೆ ಫ್ಯಾಮಿಲಿ ಕಡೆ ಇಟ್ಟು ನೋಡಿದೆ. ಎರಡೂ ಕಡೆ ಮೂರಂಕಿ. ಬಾರ್ ಕಡೆ ಜಾಸ್ತಿ ಇತ್ತು, ನಿಜ. ಆದರೆ ಮಕ್ಕಳನ್ನು ಕೂರಿಸಿಕೊಂಡು ಊಟ ಮಾಡುವ ಕಡೆಯೂ ಹೊರಗಿನ ಅಂಗಳಕ್ಕಿಂತ ಎಷ್ಟೋ ಪಾಲು ಹೆಚ್ಚು ಕಣ ಇತ್ತು. ಮಳೆ ತೊಳೆದ ಮಲೆನಾಡಿನ ಗಾಳಿಯಿಂದ ಒಂದು ಬಾಗಿಲು ದಾಟಿ ಒಳಗೆ ಬಂದರೆ ಈ ಸ್ಥಿತಿ. ನನಗೆ ಬಹಳ ಬೇಜಾರಾಯಿತು.

ಎಸಿ ಹಾಕಿದ್ದೇವಲ್ಲ, ಗಾಳಿ ಕ್ಲೀನ್ ಆಗಲ್ವಾ ಅಂತ ಮಾಲೀಕರು ಕೇಳಿದರು. ಈ ನಂಬಿಕೆ ತುಂಬ ಜನಕ್ಕೆ ಇದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಅದರ ಜಾಲರಿ ಧೂಳು, ಕೂದಲು ಹಿಡಿಯುತ್ತದೆ. ತಂಬಾಕಿನ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು, ಆ ಜಾಲರಿಗೆ ಸಿಗುವುದಿಲ್ಲ. ಇಲ್ಲಿ ಎಸಿ ಮಾಡುತ್ತಿದ್ದ ಕೆಲಸ ಅಂದರೆ ಬಾರ್ ಕಡೆಯ ಹೊಗೆಯನ್ನು ಆ ಮೂರಡಿ ಸಂದಿಯಿಂದ ಫ್ಯಾಮಿಲಿ ಕಡೆಗೆ ಹಂಚುವುದು.

ಒಂದು ಲೆಕ್ಕ

ಮಾಲೀಕರಿಗೆ ಕಾಗದದ ಮೇಲೆ ಬರೆದು ತೋರಿಸಿದ್ದು ಇದು. ಹಾಲ್‌ನ ಒಳಗೆ 7,920 ಘನ ಅಡಿ ಗಾಳಿ, ಅಂದರೆ ಸುಮಾರು 224 ಘನ ಮೀಟರ್. ಒಂದು ಸಿಗರೇಟು ಉರಿದು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ 10 ಮಿಲಿಗ್ರಾಂ ಸೂಕ್ಷ್ಮ ಕಣ ಗಾಳಿಗೆ ಬಿಡುತ್ತದೆ. ಅದರಲ್ಲಿ ದೊಡ್ಡ ಪಾಲು ಸೇದುವವನ ಬಾಯಿಂದ ಬರುವುದಲ್ಲ, ಬೆರಳ ಸಂದಿಯಲ್ಲಿ ಸುಮ್ನೆ ಉರಿಯುವ ತುದಿಯಿಂದ ಬರುವುದು. 10 ಮಿಲಿಗ್ರಾಂ ಅಂದರೆ 10,000 ಮೈಕ್ರೋಗ್ರಾಂ. ಇಡೀ ಹಾಲ್‌ಗೆ ಹಂಚಿದರೆ ಘನ ಮೀಟರಿಗೆ ಸುಮಾರು 45 ಮೈಕ್ರೋಗ್ರಾಂ. ಒಂದೇ ಸಿಗರೇಟಿಗೆ!

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ, 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಾನದಂಡ ಹೊರಗಿನ ಗಾಳಿಗೆ 60 ಅನ್ನುತ್ತದೆ.

ಈಗ ಸಂಜೆಯ ಹೊತ್ತು ತೆಗೆದುಕೊಳ್ಳಿ. ಗಂಟೆಗೆ ಆರು ಸಿಗರೇಟು ಅಂತ ಇಟ್ಟುಕೊಳ್ಳೋಣ, ಬಾರಿನ ಮಟ್ಟಿಗೆ ಇದು ಕಡಿಮೆಯೇ. ಕಿಟಕಿ ಮುಚ್ಚಿದ ಹಾಲ್‌ನ ಗಾಳಿ ಗಂಟೆಗೆ ಒಂದು ಸಲ ಬದಲಾಗುತ್ತದೆ ಅಂತಲೂ ಇಟ್ಟುಕೊಳ್ಳೋಣ. ಹೊಗೆ ಏರುತ್ತಾ ಹೋಗಿ ಸುಮಾರು 268 ಮೈಕ್ರೋಗ್ರಾಂ ಹತ್ತಿರ ನಿಲ್ಲುತ್ತದೆ. ಅದನ್ನು 15ಕ್ಕೆ ಇಳಿಸಬೇಕಾದರೆ ಗಂಟೆಗೆ 18 ಸಲ ಗಾಳಿ ಬದಲಾಗಬೇಕು. ಆಷಾಢದ ಮಳೆಯಲ್ಲಿ ಗಂಟೆಗೆ 18 ಸಲ ಹೊರಗಿನ ಒದ್ದೆ ಗಾಳಿ ಒಳಗೆ ಹರಿಸಿದರೆ ಆ ಹಾಲ್‌ನಲ್ಲಿ ಯಾರು ಕೂರುತ್ತಾರೆ?

ಮಾಲೀಕರು ಕಾಗದ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಫ್ಯಾನ್ ಹಾಕಿ ಪ್ರಯೋಜನ ಇಲ್ಲ ಅನ್ನಿ" ಅಂದರು. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿಯ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, 2006ರಲ್ಲಿ ಕೊಟ್ಟ ವರದಿ ಹೇಳಿದ್ದೂ ಇದನ್ನೇ. ಸೇದುವವರನ್ನು ಬೇರೆ ಕೂರಿಸುವುದು, ಗಾಳಿ ಶುದ್ಧಿ ಮಾಡುವ ಯಂತ್ರ, ವೆಂಟಿಲೇಷನ್, ಇವು ಯಾವುದೂ ಒಂದೇ ಕಟ್ಟಡದಲ್ಲಿ ಸೇದದವರನ್ನು ಪೂರ್ತಿ ಉಳಿಸುವುದಿಲ್ಲ. ಏರ್ ಪ್ಯೂರಿಫೈಯರ್ ಬಗ್ಗೆಯೂ ಅವರು ವಿಚಾರಿಸಿದ್ದರು. ಒಳ್ಳೆ ಫಿಲ್ಟರ್ ಇದ್ದರೆ ಅದು ಕಣ ಹಿಡಿಯುತ್ತದೆ. ಆದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಅನಿಲಗಳು ಕಣದ ಫಿಲ್ಟರಿಗೆ ಸಿಗುವುದಿಲ್ಲ. ಮೀಟರಿನ ಅಂಕಿ ಇಳಿದರೂ ವಿಷ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ

ಕೋಟ್ಪಾ ಅಂತ ಕರೆಯುವ ತಂಬಾಕು ಉತ್ಪನ್ನಗಳ ಕಾಯ್ದೆ ಬಂದಿದ್ದು 2003ರಲ್ಲಿ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ವಿವರವಾದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದವು. ಅದರಲ್ಲಿ ರೆಸ್ಟೋರೆಂಟ್ ಅಂದರೆ ಬಾರ್, ಪಬ್, ಕ್ಯಾಂಟೀನ್ ಕೂಡ ಸೇರಿವೆ. ಹಾಗಾಗಿ 'ಬಾರಿಗೆ ಈ ರೂಲ್ಸ್ ಬರಲ್ಲ' ಅನ್ನುವುದು ತಪ್ಪು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೊಡುವಂತಿಲ್ಲ. ಬಾಗಿಲಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಬೋರ್ಡ್ ಇರಬೇಕು. ದೂರು ಕೊಟ್ಟರೂ ಮಾಲೀಕರು ಸುಮ್ಮನಿದ್ದರೆ ಅವರಿಗೂ ದಂಡ. ಮೂವತ್ತು ಅಥವಾ ಹೆಚ್ಚು ರೂಮಿನ ಹೋಟೆಲ್, ಮೂವತ್ತು ಅಥವಾ ಹೆಚ್ಚು ಸೀಟಿನ ರೆಸ್ಟೋರೆಂಟ್, ವಿಮಾನ ನಿಲ್ದಾಣ, ಇವು ಮಾತ್ರ ಸೇದಲು ಬೇರೆ ಜಾಗ ಮಾಡಬಹುದು.

ನಿಯಮ ಹಳೆಯದೇ. ಆದರೆ ಮಾಲೀಕರನ್ನು ಎಬ್ಬಿಸಿದ್ದು ಕರ್ನಾಟಕದ ತಿದ್ದುಪಡಿ. 2025ರ ಮೇ ಕೊನೆಗೆ ಅದು ಜಾರಿಗೆ ಬಂದಾಗ, ಗರಿಷ್ಠ 200 ರೂಪಾಯಿ ಇದ್ದ ದಂಡ 1,000 ರೂಪಾಯಿ ಆಯಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್ ನಡೆಸುವವರಿಗೆ ಜೈಲು ಶಿಕ್ಷೆಯೂ ಬಂತು. ಪೇಪರಿನಲ್ಲಿ ಓದಿದ ಮಾಲೀಕರು ಮೊದಲು ಯೋಚಿಸಿದ್ದು ಸ್ಮೋಕಿಂಗ್ ರೂಮ್ ಕಟ್ಟಿಸುವುದು. ಸೀಟು ಮೂವತ್ತಕ್ಕಿಂತ ಜಾಸ್ತಿ ಇದ್ದುದರಿಂದ ಅವಕಾಶ ಇತ್ತು.

ಆದರೆ ಆ ರೂಮು ಹೇಗಿರಬೇಕು ಅನ್ನುವುದನ್ನು ಓದಿ ಹೇಳಿದಾಗ ಅವರ ಉತ್ಸಾಹ ಇಳಿಯಿತು. ನಾಲ್ಕೂ ಕಡೆ ಸೀಲಿಂಗ್‌ವರೆಗೆ ಗೋಡೆ. ತಾನಾಗೇ ಮುಚ್ಚಿಕೊಳ್ಳುವ ಬಾಗಿಲು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಬೇರೆ ರೂಮಿನ ಗಾಳಿಗೆ ಸೇರಬಾರದು. ಉಳಿದ ಕಟ್ಟಡಕ್ಕಿಂತ ಆ ರೂಮಿನ ಗಾಳಿಯ ಒತ್ತಡ ಕಡಿಮೆ ಇರಬೇಕು, ಅಂದರೆ ಬಾಗಿಲು ತೆಗೆದಾಗ ಗಾಳಿ ಹೊರಗಿಂದ ಒಳಗೆ ಹೋಗಬೇಕೇ ಹೊರತು ಒಳಗಿಂದ ಹೊರಗೆ ಬರಬಾರದು. ಹೋಟೆಲಿನ ಪ್ರವೇಶ ದ್ವಾರದಲ್ಲಿ ಆ ಜಾಗ ಇರಬಾರದು. 2017ರ ತಿದ್ದುಪಡಿ ಪ್ರಕಾರ ಅಲ್ಲಿ ಯಾವ ಸರ್ವಿಸೂ ಕೊಡುವಂತಿಲ್ಲ. "ಅಲ್ಲಿ ಒಂದು ಪೆಗ್ಗೂ ಕೊಡೋ ಹಾಗಿಲ್ಲ ಅಂದ್ಮೇಲೆ ಆ ರೂಮ್ ಯಾಕೆ ಮೇಷ್ಟ್ರೇ? ಆ ದುಡ್ಡಲ್ಲಿ ಮೇಲಿನ ಬಾತ್‌ರೂಮ್ ರಿಪೇರಿ ಮಾಡಿಸ್ತೇನೆ" ಅಂದರು. ಪೂರ್ತಿ ನಿಷೇಧಕ್ಕೆ ಮನಸ್ಸು ಮಾಡಿದ್ದು ಹೀಗೆ. ಆರೋಗ್ಯದ ಕಾಳಜಿಯಿಂದಲೇ ಶುರುವಾಯಿತು ಅಂತ ನಾನು ಹೇಳುವುದಿಲ್ಲ. ಶುರುವಾಯಿತಲ್ಲ, ಅದೇ ನನಗೆ ಸಮಾಧಾನ.

ನಿಲ್ಲಿಸಿದ ಮೇಲೆ

ಮೊದಲ ಕೆಲಸ, ಆಶ್‌ಟ್ರೇ ಎತ್ತಿದ್ದು. ಎರಡನೆಯದು, ಹಾಲ್ ತೊಳೆದದ್ದು. ಎಸಿಯ ಜಾಲರಿ ತೆಗೆದು ಬಕೆಟ್ಟಿನಲ್ಲಿ ಅದ್ದಿದಾಗ ನೀರು ಡಿಕಾಕ್ಷನ್ ಹಾಗೆ ಕಪ್ಪಗಾಯಿತು. ರೆಕ್ಸಿನ್ ಸೀಟು ಒರೆಸಿದ ಬಟ್ಟೆ ಹಳದಿ. ಕರ್ಟನ್ ಎರಡು ಸಲ ಒಗೆದರೂ ವಾಸನೆ ಹೋಗಲಿಲ್ಲ, ಕೊನೆಗೆ ಬಿಸಾಡಿದರು. ಹೊಗೆಯ ನಿಕೋಟಿನ್ ಗೋಡೆ, ಬಟ್ಟೆ, ಪ್ಲೈವುಡ್‌ಗೆ ಅಂಟಿಕೊಂಡು ಆಮೇಲೂ ನಿಧಾನಕ್ಕೆ ಗಾಳಿಗೆ ಬಿಡುತ್ತಿರುತ್ತದೆ. ಹಾಗಾಗಿ ನಿಷೇಧ ಜಾರಿಯಾದ ದಿನವೇ ವಾಸನೆ ಹೋಗಲಿಲ್ಲ ಅಂತ ಯಾರೂ ನಿರಾಶೆ ಆಗಬೇಕಿಲ್ಲ.

ಗಿರಾಕಿಗಳನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ಸಪ್ಲೈಯರ್ ಹುಡುಗರ ಕೈಲಿ ಹೇಳಿಸಿದರೆ ಜಗಳ ಆಗುತ್ತದೆ ಅಂತ ಮಾಲೀಕರಿಗೆ ಗೊತ್ತಿತ್ತು. ಅದಕ್ಕೇ ಗಲ್ಲಾದಿಂದ ಎದ್ದು ತಾವೇ ಹೋಗುತ್ತಿದ್ದರು. ಪ್ಯಾಕೆಟ್ಟಿಗೆ ಕೈ ಹಾಕಿದವರ ಹತ್ತಿರ ನಿಂತು, "ಅಣ್ಣಾ, ಒಳಗೆ ಬೇಡ. ಹೊರಗೆ ಹೋಗಿ ಬನ್ನಿ, ಟೇಬಲ್ ನಾನು ಹಿಡಿದಿಟ್ಟಿರ್ತೇನೆ, ಊಟಕ್ಕೆ ಮುಚ್ಚಳ ಹಾಕಿಸ್ತೇನೆ" ಅನ್ನುತ್ತಿದ್ದರು. ತೋಟದ ಯಜಮಾನರೊಬ್ಬರು, ಅಪ್ಪನ ಕಾಲದಿಂದ ಬರುವವರು, ಸಿಟ್ಟಾಗಿ ಎದ್ದು ಹೋದರು. ಸ್ವಲ್ಪ ದಿನ ಬರಲಿಲ್ಲ, ಆಮೇಲೆ ಬಂದರು. ಅವರು ಬಂದ ದಿನ ಮಾಲೀಕರು ನನಗೆ ಫೋನ್ ಮಾಡಿ ಹೇಳಿದರು, ಅಷ್ಟು ಖುಷಿ.

ಹಾಲ್‌ನ ಮಧ್ಯದಲ್ಲಿ ಮೀಟರಿನ ಅಂಕಿ ಚೆನ್ನಾಗಿ ಇಳಿಯಿತು. ಮಧ್ಯಾಹ್ನ ಅಡುಗೆಮನೆ ತಣ್ಣಗಿದ್ದಾಗ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಮೀಟರ್ ಓದುವವರಿಗೆ ಇಲ್ಲಿ ಒಂದು ಮಾತು. ಇಂಥ ಸಣ್ಣ ಮೀಟರುಗಳು ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ಅಳೆಯುತ್ತವೆ. ಮಲೆನಾಡಿನ ಜುಲೈ ತಿಂಗಳಲ್ಲಿ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಮೀಟರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಆದ್ದರಿಂದ ಒಳಗಿನ ಅಂಕಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಅದೇ ಹೊತ್ತಿಗೆ ಹೊರಗೆ ಸೂರಿನ ಕೆಳಗೂ ಇಟ್ಟು ಹೋಲಿಸಬೇಕು. ಸಂಜೆ ಗಲ್ಲಾದ ಹತ್ತಿರ ಹಚ್ಚುವ ಊದುಬತ್ತಿ, ಲೋಬಾನ, ಟೇಬಲ್ಲಿನ ಕೆಳಗಿಡುವ ಸೊಳ್ಳೆಬತ್ತಿ, ಇವೂ ಪಿಎಂ 2.5 ಕೊಡುತ್ತವೆ. ಬಾರಿನ ವಾಸನೆ ಮುಚ್ಚಲು ಅಂತ ಮೊದಲು ಊದುಬತ್ತಿ ಜಾಸ್ತಿ ಹಚ್ಚುತ್ತಿದ್ದರು. ಹೊಗೆಗೆ ಹೊಗೆ ಸೇರುತ್ತಿತ್ತು ಅಷ್ಟೇ.

ಜಗುಲಿಯ ಸಮಸ್ಯೆ

ಇಷ್ಟೆಲ್ಲ ಆದಮೇಲೂ ಸಂಜೆ ಎರಡು ಜಾಗದಲ್ಲಿ ಅಂಕಿ ಮೇಲೇರುತ್ತಿತ್ತು. ಒಂದು, ಮುಂಬಾಗಿಲ ಹತ್ತಿರದ ಟೇಬಲ್ಲುಗಳು. ಇನ್ನೊಂದು, ಅಡುಗೆಮನೆಗೆ ತಟ್ಟೆ ದಾಟಿಸುವ ಕಿಂಡಿ. ಅಡುಗೆಮನೆ ಪಕ್ಕ ಏರುವುದು ಸಹಜ ಬಿಡಿ, ಕಾವಲಿ ಇದೆ, ಒಗ್ಗರಣೆ ಇದೆ. ಆದರೆ ಕಿಂಡಿಯ ಹತ್ತಿರ ಬರುತ್ತಿದ್ದ ವಾಸನೆ ಬೀಡಿಯದು.

ಸೇದುವವರೆಲ್ಲ ಈಗ ನಿಲ್ಲುತ್ತಿದ್ದದ್ದು ಮುಂದಿನ ಜಗುಲಿಯಲ್ಲಿ. ಮಳೆ ಬೀಳುವಾಗ ಬೇರೆ ಎಲ್ಲಿ ನಿಲ್ಲುತ್ತಾರೆ? ಜಗುಲಿಗೆ ಮಾಡು ಇದೆ, ಎರಡು ಪಕ್ಕಕ್ಕೆ ಗೋಡೆ ಇದೆ. ಎತ್ತಿದ ಆಶ್‌ಟ್ರೇಗಳಲ್ಲಿ ಒಂದೆರಡು ಅಲ್ಲಿಯ ಕಟ್ಟೆಯ ಮೇಲೆ ಬಂದು ಕೂತಿದ್ದವು.

ಒಂದು ಊದುಬತ್ತಿ ಹಚ್ಚಿ ಮುಂಬಾಗಿಲ ಚೌಕಟ್ಟಿನ ಹತ್ತಿರ, ನೆಲದಿಂದ ಮೊಣಕಾಲೆತ್ತರಕ್ಕೆ ಹಿಡಿದೆ. ಹೊಗೆಯ ಎಳೆ ನೆಟ್ಟಗೆ ಮೇಲೆ ಹೋಗಲಿಲ್ಲ. ಅಡ್ಡಕ್ಕೆ ಬಾಗಿ ಹಾಲ್ ಒಳಗೆ ಓಡಿತು. ಬಾಗಿಲನ್ನು ಅರ್ಧ ಮುಚ್ಚಿದೆ, ಎಳೆ ಇನ್ನೂ ಜೋರಾಗಿ ಒಳಗೆ ಹೋಯಿತು. ಎದೆಯೆತ್ತರಕ್ಕೆ, ತಲೆಯೆತ್ತರಕ್ಕೆ ಎತ್ತಿ ನೋಡಿದೆ, ಅಲ್ಲೂ ಒಳಮುಖ. ಆಮೇಲೆ ಅಡುಗೆಮನೆಯ ಕಿಂಡಿಯ ಹತ್ತಿರ ಹಿಡಿದರೆ ಎಳೆ ಹಾಲ್‌ನಿಂದ ಅಡುಗೆಮನೆ ಕಡೆಗೆ. ಒಳಗಿದ್ದ ಭಟ್ಟರಿಗೆ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ಅಂದೆ. ರೆಕ್ಕೆ ನಿಂತ ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರದ ಎಳೆ ನೆಟ್ಟಗಾಯಿತು. ಫ್ಯಾನ್ ಹಾಕಿಸಿದೆ, ಮತ್ತೆ ಒಳಕ್ಕೆ ಬಾಗಿತು. ಸಪ್ಲೈಯರ್ ಹುಡುಗರೆಲ್ಲ ಸುತ್ತ ನಿಂತು ನೋಡಿದರು. ಬಾಯಲ್ಲಿ ಎಷ್ಟು ಹೇಳಿದ್ದರೂ ಆಗದ್ದು ಆ ಒಂದು ಊದುಬತ್ತಿಯಿಂದ ಆಯಿತು.

ನಡೆಯುತ್ತಿದ್ದದ್ದು ಇಷ್ಟು. ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹೊರಗೆ ತಳ್ಳಿದ ಗಾಳಿಯ ಜಾಗ ತುಂಬಲು ಬೇರೆ ಗಾಳಿ ಎಲ್ಲಿಂದಲಾದರೂ ಬರಲೇಬೇಕು. ಅಡುಗೆಮನೆಯ ಹಿಂದಿನ ಕಿಟಕಿ ಮಳೆಗೆ ಅಂತ ಪ್ಲಾಸ್ಟಿಕ್ ಶೀಟ್ ಹೊಡೆದು ಮುಚ್ಚಿದ್ದರು. ಹಾಲ್‌ನ ಕಿಟಕಿಗಳಿಗೂ ಚಿಲಕ. ಉಳಿದದ್ದು ಮುಂಬಾಗಿಲು ಒಂದೇ. ಹಾಗಾಗಿ ಜಗುಲಿಯಲ್ಲಿ ಬಿಟ್ಟ ಹೊಗೆ ಬಾಗಿಲಿಂದ ಒಳಗೆ ಬಂದು, ಹಾಲ್ ಉದ್ದಕ್ಕೂ ಹರಿದು, ಕಿಂಡಿ ದಾಟಿ, ಅಡುಗೆಯವರ ಮುಖದ ಮುಂದಿನಿಂದ ಹೊರಗೆ ಹೋಗುತ್ತಿತ್ತು. ಗೋಡೆ ಮೇಲೆ ಬೋರ್ಡ್ ಇತ್ತು, ಒಳಗೆ ಯಾರೂ ಸೇದುತ್ತಿರಲಿಲ್ಲ, ಆದರೂ ಭಟ್ಟರು ದಿನವೂ ಬೀಡಿ ಹೊಗೆ ಕುಡಿಯುತ್ತಿದ್ದರು. ಸ್ಮೋಕಿಂಗ್ ರೂಮಿನ ಒತ್ತಡ ಕಡಿಮೆ ಇರಬೇಕು, ಅದು ದ್ವಾರದಲ್ಲಿ ಇರಬಾರದು ಅಂತ ನಿಯಮ ಯಾಕೆ ಹೇಳುತ್ತದೆ ಅನ್ನುವುದು ಇಲ್ಲಿ ಕಣ್ಣಿಗೇ ಕಂಡಿತು. ಇಲ್ಲಿ ಕಡಿಮೆ ಒತ್ತಡ ಇದ್ದದ್ದು ಹಾಲ್‌ನಲ್ಲಿ, ಹೊಗೆ ಇದ್ದದ್ದು ಬಾಗಿಲಲ್ಲಿ.

ಸರಿ ಮಾಡಿದ್ದು ದುಬಾರಿಯೇನೂ ಅಲ್ಲ. ಅಡುಗೆಮನೆಯ ಹಿಂಗೋಡೆಯಲ್ಲಿ, ಸೂರು ಚೆನ್ನಾಗಿ ಮುಂದೆ ಚಾಚಿರುವ ಕಡೆ, ಓರೆಪಟ್ಟಿಯ ಗಾಳಿಕಿಂಡಿ ಇಡಿಸಿ ಸೊಳ್ಳೆ ಜಾಲರಿ ಹೊಡೆಸಿದರು. ಫ್ಯಾನಿಗೆ ಬೇಕಾದ ಗಾಳಿ ಈಗ ಅಲ್ಲಿಂದ ಬರುತ್ತದೆ. ಮುಂಬಾಗಿಲಿಗೆ ಡೋರ್ ಕ್ಲೋಸರ್ ಹಾಕಿಸಿದರು. ಜಗುಲಿಯ ಆಶ್‌ಟ್ರೇ ತೆಗೆದು, ಸೇದುವವರಿಗೆ ಅಂಗಳದ ಆಚೆ, ಬೈಕ್ ನಿಲ್ಲಿಸುವ ಶೀಟಿನ ಶೆಡ್ಡಿನ ತುದಿಯಲ್ಲಿ ಜಾಗ ತೋರಿಸಿದರು. ಅಲ್ಲಿಗೆ ಹೋಗುವವರಿಗೆ ಅಂತ ಬಾಗಿಲ ಹತ್ತಿರ ಎರಡು ಕೊಡೆ ನೇತು ಹಾಕಿದ್ದಾರೆ. ಮತ್ತೆ ಊದುಬತ್ತಿ ಹಿಡಿದಾಗ ಬಾಗಿಲ ಹತ್ತಿರ ಎಳೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ಬಾಗಿಲ ಹತ್ತಿರದ ಟೇಬಲ್ಲುಗಳ ಅಂಕಿಯೂ ಹಾಲ್‌ನ ಉಳಿದ ಭಾಗದ ಮಟ್ಟಕ್ಕೆ ಬಂತು.

ಬೇರೆ ಕಡೆ ಕಂಡದ್ದು

ನಮ್ಮ ಒಂದು ಹಾಲ್‌ನಿಂದ ದೊಡ್ಡ ತೀರ್ಮಾನ ಬೇಡ ಅನ್ನುವವರಿಗೆ ದೊಡ್ಡ ಅಧ್ಯಯನಗಳೂ ಇವೆ. ಪಬ್ಬುಗಳೂ ಸೇರಿದಂತೆ ಎಲ್ಲ ಕೆಲಸದ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿದ ಮೊದಲ ದೇಶ ಐರ್ಲೆಂಡ್, 2004ರ ಮಾರ್ಚ್‌ನಲ್ಲಿ. ಡಬ್ಲಿನ್‌ನ 42 ಪಬ್ಬುಗಳಲ್ಲಿ ಅಳೆದಾಗ ಪಿಎಂ 2.5 ಶೇ. 83ರಷ್ಟು, ಬೆಂಜೀನ್ ಸುಮಾರು ಶೇ. 80ರಷ್ಟು ಇಳಿದಿತ್ತು. ಸ್ಕಾಟ್ಲೆಂಡ್ 2006ರ ಮಾರ್ಚ್ 26ರಂದು ನಿಷೇಧ ತಂದಿತು. ಅಲ್ಲಿ ಎಡಿನ್‌ಬರೊ, ಅಬರ್ಡೀನ್ ಊರುಗಳ 41 ಪಬ್ಬುಗಳಲ್ಲಿ ಸರಾಸರಿ ಪಿಎಂ 2.5 ಮೊದಲು 246 ಮೈಕ್ರೋಗ್ರಾಂ ಇತ್ತು, ಆಮೇಲೆ 20ಕ್ಕೆ ಬಂತು. ನಾನು ಕಾಗದದ ಮೇಲೆ ಲೆಕ್ಕ ಹಾಕಿದ 268ಕ್ಕೆ ಆ 246 ಎಷ್ಟು ಹತ್ತಿರ ಇದೆ ನೋಡಿ. ಅವರದೂ ಚಳಿಗೆ ಕಿಟಕಿ ಮುಚ್ಚುವ ದೇಶ.

ವ್ಯಾಪಾರ ಬೀಳುತ್ತದೆ ಅನ್ನುವ ಹೆದರಿಕೆ ನಮ್ಮ ಮಾಲೀಕರಿಗೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಹಲವು ದೇಶಗಳ ಲೆಕ್ಕ ನೋಡಿ, ಇಂಥ ನಿಷೇಧದಿಂದ ಹೋಟೆಲ್, ಬಾರುಗಳ ಒಟ್ಟು ವ್ಯಾಪಾರ ಇಳಿಯುವುದಿಲ್ಲ ಅಂತ ಹೇಳಿದೆ. ಈ ಹೋಟೆಲಿನ ಗಲ್ಲಾದ ಲೆಕ್ಕ ನಾನು ಕೇಳಿಲ್ಲ, ಕೇಳುವುದು ಸರಿಯೂ ಅಲ್ಲ. ಫ್ಯಾಮಿಲಿ ಕಡೆ ಭಾನುವಾರ ಟೇಬಲ್ ಸಿಗುವುದು ಕಷ್ಟವಾಗಿದೆ ಅನ್ನುವುದನ್ನು ಮಾತ್ರ ನಾನೇ ನೋಡಿದ್ದೇನೆ.

ಅಲ್ಲಿ ಕೆಲಸ ಮಾಡುವವರು

ಹೋಟೆಲಿನ ಹೊಗೆ ಅಂದರೆ ಎಲ್ಲರೂ ಗಿರಾಕಿಯನ್ನೇ ನೆನೆಯುತ್ತಾರೆ. ಗಿರಾಕಿ ಒಂದು ಗಂಟೆ ಕೂತು ಎದ್ದು ಹೋಗುತ್ತಾನೆ. ಸಪ್ಲೈಯರ್, ಕ್ಲೀನರ್, ಗಲ್ಲಾದಲ್ಲಿ ಕೂರುವವರು, ಅಡುಗೆಯವರು ಬೆಳಿಗ್ಗೆಯಿಂದ ರಾತ್ರಿ ಬಾಗಿಲು ಹಾಕುವವರೆಗೆ ಅಲ್ಲೇ ಇರುತ್ತಾರೆ. ಬೇಡ ಅಂತ ಎದ್ದು ಹೋಗುವ ಆಯ್ಕೆ ಅವರಿಗೆ ಇಲ್ಲ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇವರೇ.

ಇಲ್ಲಿಯ ಹಿರಿಯ ಸಪ್ಲೈಯರ್ ಒಬ್ಬರು ನನ್ನ ಹತ್ತಿರ ಹೇಳಿದ್ದು: "ಸಾರ್, ನಾನು ಒಂದು ದಿನಾನೂ ಬೀಡಿ ಮುಟ್ಟಿದವನಲ್ಲ. ರಾತ್ರಿ ಮನೆಗೆ ಹೋದ್ರೆ ಅಂಗಿ ಹೊರಗೇ ಬಿಚ್ಚಿ ಬಾ ಅಂತಾಳೆ ಹೆಂಡ್ತಿ. ಸಣ್ಣ ಮಗು ಉಂಟಲ್ಲ." ಅವರಿಗೆ ಬೆಳಗಿನ ಜಾವ ಕೆಮ್ಮು ಇತ್ತು. ನಿಷೇಧ ಆದಮೇಲೆ ಕಡಿಮೆ ಆಗಿದೆ ಅನ್ನುತ್ತಾರೆ. ಒಬ್ಬರ ಕೆಮ್ಮಿನಿಂದ ಏನನ್ನೂ ಸಾಬೀತು ಮಾಡಲಾಗದು, ಮಳೆ-ಥಂಡಿಯ ಪ್ರಭಾವವೂ ಇರುತ್ತದೆ. ಆದರೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1998ರ ಜನವರಿಯಿಂದ ಬಾರುಗಳಲ್ಲಿ ಧೂಮಪಾನ ನಿಂತಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 53 ಬಾರ್ ಕೆಲಸಗಾರರನ್ನು ಮೊದಲೂ ಆಮೇಲೂ ಪರೀಕ್ಷಿಸಿದರು. ಮೊದಲು 39 ಜನಕ್ಕೆ ಕೆಮ್ಮು, ಕಫ, ಉಬ್ಬಸದಂಥ ತೊಂದರೆ ಇತ್ತು. ನಿಷೇಧದ ಬಳಿಕ ಆ 39ರಲ್ಲಿ ಶೇ. 59 ಜನಕ್ಕೆ ಆ ತೊಂದರೆ ಇಲ್ಲವಾಗಿತ್ತು. ಅದೂ ವರ್ಷಗಟ್ಟಲೆ ಕಾದ ಮೇಲೆ ಅಲ್ಲ, ತಿಂಗಳೆರಡು ತಿಂಗಳಲ್ಲಿ.

ಬೇರೆಯವರು ಸೇದಿದ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದರಲ್ಲಿ ಈಗ ಅನುಮಾನ ಉಳಿದಿಲ್ಲ, ಹೃದಯಾಘಾತದ ವಿಷಯದಲ್ಲೂ ಅಷ್ಟೇ. ಸಪ್ಲೈಯರ್ ಕೆಲಸಕ್ಕೆ ಹದಿನೆಂಟು-ಇಪ್ಪತ್ತರ ಹುಡುಗರು ಬರುತ್ತಾರೆ. ಅವರ ಕೈಗೆ ಸಂಬಳದ ಜೊತೆ ಇದನ್ನೂ ಕೊಟ್ಟು ಕಳಿಸುವುದು ಅನ್ಯಾಯ.

ಇನ್ನೂ ಆಗಬೇಕಾದ್ದು

ಮೇಲಿನ ಲಾಡ್ಜ್ ಬಾಕಿ ಇದೆ. ರೂಮು ಎಂಟೇ ಇರುವುದರಿಂದ ಅಲ್ಲಿ ಸೇದಲು ಬೇರೆ ಜಾಗ ಮಾಡುವ ಅವಕಾಶವೇ ಇಲ್ಲ. ಆದರೂ ಟೂರಿಸ್ಟುಗಳು ಬಾತ್‌ರೂಮಿನಲ್ಲಿ ನಿಂತು ಸೇದುತ್ತಾರೆ. ಎಲ್ಲ ಬಾತ್‌ರೂಮಿಗೂ ಒಂದೇ ಡಕ್ಟ್. ಒಂದು ರೂಮಿನ ಹೊಗೆ ಪಕ್ಕದ ರೂಮಿನ ವೆಂಟಿಲೇಟರಿನಿಂದ ಇಳಿಯುತ್ತದೆ. ಡಕ್ಟಿನ ತುದಿಗೆ ಫ್ಯಾನ್ ಕೂರಿಸಿದರೆ ಸ್ವಲ್ಪ ಅನುಕೂಲ, ಆದರೆ ರೂಮ್ ಕೊಡುವಾಗಲೇ ಖಂಡಿತವಾಗಿ ಹೇಳುವುದು ಉತ್ತಮ ಅಂತ ನನ್ನ ಸಲಹೆ. ಮಾಲೀಕರು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದಾರೆ.

ತಂಬಾಕಿನ ಹೊಗೆ ಹೋದಮೇಲೆ ಹಾಲ್‌ನಲ್ಲಿ ಮೀಟರ್ ಏರುವುದು ಕಾವಲಿ ಕಾದಾಗ, ಒಣಮೆಣಸಿನ ಒಗ್ಗರಣೆ ಬಿದ್ದಾಗ, ಮೀನು ಕರಿಯುವಾಗ. ಮೊದಲು ಇದು ಕಾಣುತ್ತಲೇ ಇರಲಿಲ್ಲ, ಸಿಗರೇಟಿನ ಅಂಕಿಯ ಒಳಗೆ ಮುಚ್ಚಿಹೋಗುತ್ತಿತ್ತು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಒಲೆಯಿಂದ ದೂರ ಇದೆ, ಹೊಗೆ ಅಡುಗೆಯವರ ಮುಖ ದಾಟಿಯೇ ಅದರ ಹತ್ತಿರ ಹೋಗಬೇಕು. ಒಲೆಯ ನೇರ ಮೇಲೆ ತಗಡಿನ ಹುಡ್ ಇಳಿಬಿಟ್ಟು ಅದಕ್ಕೆ ಚಿಮಣಿ ಜೋಡಿಸಬೇಕು ಅಂತ ಭಟ್ಟರು ಈಗ ತಾವೇ ಕೇಳುತ್ತಿದ್ದಾರೆ. ಶಿವಮೊಗ್ಗದಿಂದ ಫ್ಯಾಬ್ರಿಕೇಷನ್‌ನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಹುಡ್ ಒಲೆಗಿಂತ ನಾಲ್ಕೂ ಕಡೆ ಅರ್ಧ ಅಡಿಯಾದರೂ ಅಗಲ ಇರಲಿ ಅಂತ ಅವರಿಗೆ ಹೇಳಿದ್ದೇನೆ.